ಓಟದ ಕಾರು ಮತ್ತು ಹಾಸ್ಯರಸ

ಅಮೆರಿಕದ ಕಾದಂಬರಿಕಾರ್ತಿ ಜಾನೆಟ್ ಇವಾನೋವಿಚ್ ಅವರು 2004ರಲ್ಲಿ ‘ಮೆಟ್ರೋ ಗರ್ಲ್’ ಎಂಬ ಕೃತಿಯನ್ನೂ 2006ರಲ್ಲಿ ಅದರ ಮುಂದುವರಿಕೆಯಾದ ‘ಮೋಟರ್ ಮೌತ್’ ಎಂಬುದನ್ನೂ ಪ್ರಕಟಿಸಿದಾಗ, ಹಾಸ್ಯಮಿಶ್ರಿತ ಪತ್ತೇದಾರಿ ಸಾಹಿತ್ಯದಲ್ಲಿ ಅವರ ಹೆಸರು ಆಗಲೇ ಬೇರೂರಿತ್ತು. 1994ರಲ್ಲಿ ಮೊದಲಾದ ಅವರ ಸ್ಟೆಫನಿ ಪ್ಲಮ್ ಮಾಲೆಯನ್ನು ಲಕ್ಷಾಂತರ ಜನ ಓದುತ್ತಿದ್ದರು. ಹೊಸ ಮಾಲೆಗೆ ಅವರು ಆಯ್ದುಕೊಂಡ ರಂಗಸ್ಥಳ ಕಾರುಪಂದ್ಯ. ನಾಯಿಕೆ ಬಾಲ್ಟಿಮೋರ್ ನಗರದಲ್ಲಿ ತಂದೆಯ ಗ್ಯಾರೇಜಿನಲ್ಲಿ ಬೆಳೆದು ಇಂಜಿನುಗಳ ಮರ್ಮವನ್ನರಿತ ಅಲೆಕ್ಸಾಂಡ್ರಾ ಬಾರ್ನಬಿ. ನಾಯಕ ಪಂದ್ಯದ ಚಾಲಕನಾದ ಸ್ಯಾಮ್ ಹೂಕರ್. ಸಾಮಗ್ರಿ ಇಷ್ಟು ಸಮೃದ್ಧವಾಗಿದ್ದರೂ ಹಳೆಯ ವಾಚಕರಲ್ಲಿ ಅನೇಕರು ನಿರಾಶರಾದರು. ಮಾಲೆ ಎರಡು ಕಾದಂಬರಿಗಳಿಗೇ ನಿಂತಿತು. 2010ರಲ್ಲಿ ಅದೇ ಪಾತ್ರಗಳು ‘ಟ್ರಬಲ್‌ಮೇಕರ್’ ಎಂಬ ಚಿತ್ರಕಥೆಯ ರೂಪದಲ್ಲಿ ಮರಳಿದವು.

ಈ ನಿರಾಶೆಗೆ ಸಾಮಾನ್ಯವಾಗಿ ಹೇಳುವ ಕಾರಣ, ಬಾರ್ನಬಿಯು ಸ್ಟೆಫನಿ ಅಲ್ಲ ಎಂಬುದು. ಇದು ಅಸತ್ಯವಲ್ಲ, ಆದರೆ ಅರ್ಧ ಉತ್ತರ. ಕಾರುಪಂದ್ಯವನ್ನು ಪ್ರೀತಿಸಿ ಈ ಕೃತಿಗಳನ್ನು ಮೊದಲಬಾರಿಗೆ ಕೈಗೆತ್ತಿಕೊಂಡವನಿಗೂ ಅತೃಪ್ತಿಯಾಗುತ್ತದೆ. ಅವನಿಗೆ ಸ್ಟೆಫನಿಯ ಗೊಡವೆಯೇ ಇಲ್ಲ. ಆದುದರಿಂದ ದೋಷದ ಮೂಲವನ್ನು ರಂಗಸ್ಥಳಕ್ಕೂ ರಸಕ್ಕೂ ಇರುವ ಸಂಬಂಧದಲ್ಲಿಯೇ ಅರಸಬೇಕು.

ಇಲ್ಲಿ ಪ್ರಸ್ತುತವಾದುದು ನ್ಯಾಸ್ಕಾರ್ ಸಂಸ್ಥೆಯ ಪಂದ್ಯ. ಮದರಾಸಿನ ಬಳಿಯ ಶೋಳವರಂ ವಿಮಾನಪಟ್ಟಿಯ ಮೇಲೆ ಹಿಂದೆ ನಡೆಯುತ್ತಿದ್ದ ಓಟಗಳನ್ನು ಕಂಡವರು ಅದೇ ಬಗೆಯದೆಂದು ಭಾವಿಸಬಾರದು. ಇದು ಬಹುಮಟ್ಟಿಗೆ ಅಂಡಾಕಾರದ ಪಥದಲ್ಲಿ ನಾಲ್ವತ್ತರಷ್ಟು ಕಾರುಗಳು ಒಂದಕ್ಕೊಂದು ಅಂಟಿದಂತೆ ಸುತ್ತುವ ಸ್ಪರ್ಧೆ. ಡೇಟೋನಾದ ಪಥದ ಸುತ್ತಳತೆ 2.5 ಮೈಲಿ, ಅದರ ತಿರುವುಗಳು 31 ಡಿಗ್ರಿಯಷ್ಟು ಓರೆಯಾಗಿವೆ. ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಅದರ ಪೂರ್ವೇತಿಹಾಸ ಕಾದಂಬರಿಗಿಂತ ಸ್ವಾರಸ್ಯಕರವಾದುದು. ದಕ್ಷಿಣದ ಬೆಟ್ಟಸೀಮೆಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದ ತರುಣರು ಹೊರನೋಟಕ್ಕೆ ಸಾಧಾರಣವಾದ ಕಾರುಗಳಿಗೆ ಅಸಾಧಾರಣ ಇಂಜಿನುಗಳನ್ನಿಟ್ಟು ಅಬಕಾರಿಯವರ ಕೈಯಿಂದ ಜಾರುತ್ತಿದ್ದರು. ಅವರಲ್ಲಿ ಕೆಲವರು ಈ ಪಂದ್ಯದ ಮೊದಲ ವೀರರಾದರು. ಪ್ರಸಿದ್ಧ ಚಾಲಕ ಜೂನಿಯರ್ ಜಾನ್ಸನ್ ಕಳ್ಳಭಟ್ಟಿಯ ಅಪರಾಧಕ್ಕಾಗಿ 1956ರಲ್ಲಿ ಸೆರೆಮನೆ ಸೇರಿದನು. 1986ರಲ್ಲಿ ರಾಷ್ಟ್ರಾಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನವನ್ನಿತ್ತರು.

ಹೊರಗೊಂದು ಒಳಗೊಂದು ಎಂಬ ಈ ಗುಣವು ಪಂದ್ಯ ಗೌರವಸ್ಥವಾದ ಮೇಲೂ ಬಿಟ್ಟುಹೋಗಲಿಲ್ಲ. ಸ್ಮೋಕಿ ಯೂನಿಕ್ ಎಂಬ ಮೆಕ್ಯಾನಿಕ್ಕಿನ ವಿಷಯದಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ನಿಯಮಗಳು ಪೆಟ್ರೋಲ್ ತೊಟ್ಟಿಯ ಗಾತ್ರಕ್ಕೆ ಮಿತಿ ಹಾಕಿದ್ದವು, ಕೊಳವೆಯ ಬಗ್ಗೆ ಮೌನವಾಗಿದ್ದವು. ಆತನು 11 ಅಡಿ ಉದ್ದದ ದಪ್ಪನೆಯ ಕೊಳವೆಯನ್ನು ಜೋಡಿಸಿ ಅದರಲ್ಲೇ ಹಲವು ಗ್ಯಾಲನ್ ತುಂಬಿಕೊಂಡನಂತೆ. ತಪಾಸಣೆಯವರು ತೊಟ್ಟಿಯನ್ನು ಕಳಚಿಟ್ಟು ದೋಷಗಳ ಪಟ್ಟಿ ಕೊಟ್ಟಾಗ, ತೊಟ್ಟಿಯಿಲ್ಲದ ಕಾರನ್ನೇರಿ ಓಡಿಸಿಕೊಂಡು ಹೋದನೆಂದೂ ಹೇಳುವುದುಂಟು. ಇದರಲ್ಲಿ ಎಷ್ಟು ಬಣ್ಣ ಸೇರಿದೆಯೋ ಹೇಗೋ. ಅಂತೂ ರಹಸ್ಯ, ಶೋಧನೆ, ನಗೆ ಈ ಮೂರೂ ಈ ಕಸುಬಿನ ಹೊಟ್ಟೆಯಲ್ಲೇ ಇವೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಮೋಟರ್ ಮೌತ್’ ಈ ಗಣಿಯ ಬಾಗಿಲಿನವರೆಗೆ ಹೋಗುತ್ತದೆ. ಪ್ರತಿಸ್ಪರ್ಧಿಯ ಕಾರಿನಲ್ಲಿ ಚಕ್ರಗಳ ಜಾರುವಿಕೆಯನ್ನು ತಡೆಯುವ ನಿಷಿದ್ಧ ವಿದ್ಯುತ್‌ತಂತ್ರ ಅಡಗಿದೆಯೆಂದು ಬಾರ್ನಬಿಗೆ ಸಂಶಯ ಬರುತ್ತದೆ. ತಿರುವಿನಿಂದ ಹೊರಬರುವಾಗ ಇಂಜಿನಿನ ಬಲವು ಟೈರುಗಳ ಹಿಡಿತವನ್ನು ಮೀರಿದರೆ ಹಿಂಚಕ್ರಗಳು ನಿಂತಲ್ಲೇ ತಿರುಗಿ ಕಾರು ಓರೆಯಾಗುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಚಾಲಕನ ಪಾದದ ವಿದ್ಯೆ. ಕಿಡಿಯನ್ನು ಕ್ಷಣಮಾತ್ರ ತಡೆದು ಬಲವನ್ನು ಕುಗ್ಗಿಸುವ ಚಿಕ್ಕದೊಂದು ಯಂತ್ರಾಂಗವಿದ್ದರೆ ಆ ವಿದ್ಯೆಯೇ ಅನಾವಶ್ಯಕ. 2011ರವರೆಗೂ ಕಾರ್ಬ್ಯುರೇಟರನ್ನೇ ಉಳಿಸಿಕೊಂಡಿದ್ದ ಈ ಪಂದ್ಯದಲ್ಲಿ ಅಂಥ ಮೋಸ ಕುಲಧರ್ಮವನ್ನೇ ಮುರಿದಂತೆ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಉತ್ತಮವಾದ ಬೀಜ ದೊರೆಯುವುದು ಕಷ್ಟ. ಆದರೆ ಕಾರು ಸಾಗಿಸುವ ಲಾರಿಯಲ್ಲಿ ಶವವೊಂದು ದೊರೆತದ್ದೇ ತಡ, ಕಥೆ ಪಥವನ್ನು ಬಿಟ್ಟು ಬೆನ್ನಟ್ಟುವಿಕೆಗಳಿಗೂ ತಪ್ಪಿಸಿಕೊಳ್ಳುವಿಕೆಗಳಿಗೂ ಓಡುತ್ತದೆ. ಮೊದಲ ಕಾದಂಬರಿಯಲ್ಲಂತೂ ಓಟವೆಂಬುದು ನಾಯಕನ ಉದ್ಯೋಗದ ವಿವರವಷ್ಟೆ. ಕಥೆಯೆಲ್ಲ ಮಯಾಮಿಯ ದೋಣಿಗಳ ಸುತ್ತ.

ಲೇಖಕಿ ಪಥದಿಂದ ಹೀಗೆ ದೂರ ಸರಿದುದಕ್ಕೆ ಕಾರಣವನ್ನು ಊಹಿಸಬಹುದು. 2001ರ ಫೆಬ್ರವರಿ 18ರಂದು ಡೇಟೋನಾ ಪಂದ್ಯದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದು ಮಡಿದನು. ಅದೇ ವರ್ಷ ಚಾಲಕರಿಗೆ ತಲೆ ಕತ್ತುಗಳ ರಕ್ಷಣೆಯ ಪಟ್ಟಿ ಕಡ್ಡಾಯವಾಯಿತು. ಮರುವರ್ಷದಿಂದ ಆಘಾತವನ್ನು ಹೀರುವ ಗೋಡೆಗಳು ಬಂದವು. ಈ ನೆನಪು ಹಸಿಯಾಗಿದ್ದಾಗ ಅದೇ ಪಥದಲ್ಲಿ ನಿಂತು ನಗಿಸುವುದು ಸುಲಭವಲ್ಲ. ಭಾರತೀಯ ಆಲಂಕಾರಿಕರು ಈ ತೊಡಕನ್ನು ಬಹುಕಾಲದ ಹಿಂದೆಯೇ ಗುರುತಿಸಿದ್ದಾರೆ. ಹಾಸ್ಯಕ್ಕೆ ಭಯಾನಕ ಮತ್ತು ಕರುಣ ವಿರೋಧಿಗಳೆಂದು ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಹೇಳುತ್ತಾನೆ. ಕೊಲೆಯ ಕಥೆಯಲ್ಲಿ ನಗೆ ತರಹೊರಟವರೆಲ್ಲ ಈ ವಿರೋಧವನ್ನು ಹೇಗಾದರೂ ದಾಟಲೇಬೇಕು.

ಅದಕ್ಕೆ ಆನಂದವರ್ಧನನು ತೋರಿಸಿದ ಉಪಾಯಗಳಲ್ಲೊಂದು ಆಶ್ರಯಭೇದ. ವಿರುದ್ಧ ರಸಗಳನ್ನು ಒಬ್ಬನಲ್ಲಿಯೇ ತುರುಕದೆ ಬೇರೆಬೇರೆ ಪಾತ್ರಗಳಲ್ಲಿ ನೆಲೆಗೊಳಿಸಬೇಕು. ವೀರವು ನಾಯಕನಲ್ಲಿದ್ದರೆ ಭಯವು ಪ್ರತಿನಾಯಕನಲ್ಲಿರಲಿ. ಇವಾನೋವಿಚ್ ಅವರಿಗೆ ಶಾಸ್ತ್ರದ ಪರಿಚಯ ಇರಬೇಕಾಗಿಲ್ಲ. ಸ್ಟೆಫನಿಯ ಕಥೆಗಳಲ್ಲಿ ಅವರು ಮಾಡಿರುವುದು ಇದನ್ನೇ. ಜಾಮೀನು ಪಡೆದು ಕೋರ್ಟಿಗೆ ಬಾರದೆ ತಲೆತಪ್ಪಿಸಿಕೊಂಡವರನ್ನು ಹಿಡಿದು ತರುವುದು ಸ್ಟೆಫನಿಯ ಕೆಲಸ. ಪ್ರಾಣಭಯ ಅವಳದು, ನಗೆ ಟ್ರೆಂಟನ್ನಿನ ಮನೆಯಲ್ಲಿರುವ ಅಜ್ಜಿಯದು. ಶವಸಂಸ್ಕಾರದ ಮನೆಗೆ ಸಂಭ್ರಮದಿಂದ ಹೊರಡುವ ಆ ಮುದುಕಿಗೆ ಸಾವೆಂದರೆ ಊರಿನ ಸಮಾಚಾರ. ಬಾರ್ನಬಿಯ ಕಥೆಯಲ್ಲಿ ಅಜ್ಜಿಯಿಲ್ಲ, ಕುಟುಂಬದ ಗದ್ದಲವಿಲ್ಲ. ಹೆದರಬೇಕಾದವರೂ ಚಟಾಕಿ ಹಾರಿಸಬೇಕಾದವರೂ ಅವಳೂ ಹೂಕರನೂ ಇಬ್ಬರೇ. ಇದರಿಂದ ಭಯವೂ ನಂಬಿಕೆಗೆ ಬಾರದು, ನಗೆಯೂ ಸಡಿಲವಾಗುತ್ತದೆ. ವಾಚಕರು ಇದನ್ನು ಜಳ್ಳು ಎಂದು ಹಳಿದರು. ಅವರ ರುಚಿ ಸರಿಯಾಗಿಯೇ ಇತ್ತು.

ಕಸುಬೊಂದರ ಒಳಗೇ ನಗೆ, ಕೊಲೆ ಎರಡನ್ನೂ ಇರಿಸಿ ಗೆದ್ದ ಉದಾಹರಣೆಗೆ ಡೊರತಿ ಸೇಯರ್ಸ್ ಅವರ ‘ಮರ್ಡರ್ ಮಸ್ಟ್ ಅಡ್ವರ್ಟೈಸ್’ ಅನ್ನು ನೋಡಬಹುದು. 1933ರ ಆ ಕಾದಂಬರಿ ನಡೆಯುವುದು ಜಾಹೀರಾತಿನ ಕಚೇರಿಯಲ್ಲಿ. ಲೇಖಕಿ ಅಂಥ ಕಚೇರಿಯಲ್ಲಿ ಸುಮಾರು ಒಂಬತ್ತು ವರ್ಷ ದುಡಿದವರು. ಅಲ್ಲಿನ ಹರಟೆ, ಚಹ, ಜಾಹೀರಾತಿನ ಸುಳ್ಳಿನ ಸಾಲು ಎಲ್ಲವೂ ನಗಿಸುತ್ತವೆ. ಅಪರಾಧದ ಕೀಲಿಯೂ ಆ ಜಾಹೀರಾತಿನಲ್ಲೇ ಇದೆ. ಕಚೇರಿಯನ್ನು ತೆಗೆದುಹಾಕಿದರೆ ಕೊಲೆಯೂ ಉಳಿಯದು.

ಹಾಗೆಂದು ‘ಮೋಟರ್ ಮೌತ್’ ಪೂರ್ತಿ ಬರಿದಲ್ಲ. ಅದರ ಆರಂಭದಲ್ಲಿ ಬಾರ್ನಬಿ ಕೆಲಸಮಾಡುವುದು ಸ್ಪಾಟರ್ ಆಗಿ. ಕಾರಿನೊಳಗಿನ ಚಾಲಕನಿಗೆ ಅಕ್ಕಪಕ್ಕ ಚೆನ್ನಾಗಿ ಕಾಣದಾದ್ದರಿಂದ, ಎತ್ತರದಲ್ಲಿ ನಿಂತವರೊಬ್ಬರು ಯಾರು ಎಲ್ಲಿದ್ದಾರೆ, ಎಲ್ಲಿ ಅಪಘಾತವಾಯಿತು, ಯಾವ ಕಡೆ ಜಾಗವಿದೆ ಎಂದು ರೇಡಿಯೋದಲ್ಲಿ ಹೇಳುತ್ತಿರುತ್ತಾರೆ. ಮೇಲೆ ನಿಂತವಳು ಕಾಣುತ್ತಾಳೆ, ಮಾತಾಡುತ್ತಾಳೆ, ಬಯ್ಯುತ್ತಾಳೆ. ಕೆಳಗೆ ಗಂಟೆಗೆ 250 ಕಿಲೊಮೀಟರಿಗೂ ಮಿಕ್ಕ ವೇಗದಲ್ಲಿ ಹೋಗುವವನು ಅವಳ ದನಿಯನ್ನೇ ನಂಬಿ ತಿರುಗಿಸುತ್ತಾನೆ. ಅಪಾಯ ಒಬ್ಬನದು, ನುಡಿ ಇನ್ನೊಬ್ಬಳದು. ಆಶ್ರಯಭೇದವು ಇಲ್ಲಿ ಕಸುಬಿನಿಂದಲೇ ತಾನಾಗಿ ಒದಗಿದೆ. ಓದುಗನು ಉಸಿರು ಹಿಡಿದೇ ನಗುತ್ತಾನೆ. ಕೆಲವು ಪುಟಗಳಾದ ಮೇಲೆ ಪಂದ್ಯ ಮುಗಿಯುತ್ತದೆ, ಬಾರ್ನಬಿ ಕೆಳಗಿಳಿಯುತ್ತಾಳೆ, ಕಥೆ ಲಾರಿಯ ಕಡೆಗೆ ಹೊರಡುತ್ತದೆ.