ಗಿಳಿಯ ಗುರುತು: ಕಾಲುಬಳೆಯೋ, ಮೈಕ್ರೊಚಿಪ್ಪೋ?

ಗಿಳಿಯು ಬಹುಕಾಲದಿಂದಲೂ ಗೃಹಸ್ಥರ ಮನೆಗಳಲ್ಲಿ ಕುಟುಂಬದ ಒಂದು ಅಂಗವಾಗಿಯೇ ಬಾಳಿಬಂದಿರುವುದು. ಅದರಲ್ಲಿಯೂ ಆಫ್ರಿಕದ ಬೂದುಗಿಳಿಯಂತಹ ಪಕ್ಷಿಯು ಒಳ್ಳೆಯ ಪೋಷಣೆ ದೊರೆತರೆ 40 ವರ್ಷಗಳಿಗೂ ಮಿಕ್ಕು ಬದುಕಬಲ್ಲುದಾದುದರಿಂದ, ತಂದೆಯು ತಂದ ಗಿಳಿಯನ್ನು ಮಗನು ಸಾಕುವುದೂ ಉಂಟು. ಇಂತಹ ಪಕ್ಷಿಯು ಒಂದು ದಿನ ತೆರೆದ ಕಿಟಕಿಯಿಂದ ಹಾರಿಹೋಗಿ ಪರರ ಕೈ ಸೇರಿತೆನ್ನೋಣ. ‘ಇದು ನಮ್ಮದು’ ಎಂದು ಇಬ್ಬರು ವಾದಿಸಿದರೆ ತೀರ್ಪು ಹೇಗೆ? ಬಾಣಭಟ್ಟನ ಕಾದಂಬರಿಯಲ್ಲಿ ವೈಶಂಪಾಯನನೆಂಬ ಗಿಳಿಯು ಶೂದ್ರಕರಾಜನ ಮುಂದೆ ತನ್ನ ವೃತ್ತಾಂತವನ್ನು ತಾನೇ ಅರುಹಿತು. ನಮ್ಮ ನಿಮ್ಮ ಮನೆಯ ಗಿಳಿಗಳಿಗೆ ಆ ಸಾಮರ್ಥ್ಯವಿಲ್ಲ; ಬೆದರಿದ ಹಕ್ಕಿಯು ಕಲಿತ ಎರಡು ಮಾತನ್ನೂ ಆಡದೆ ಮೂಲೆ ಸೇರುವುದು. ಆದುದರಿಂದ ಅದರ ಪರವಾಗಿ ಸಾಕ್ಷಿ ನುಡಿಯುವ ಗುರುತೊಂದು ಅವಶ್ಯಕ.

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ ಮೊದಲಾದ ದೋಷಗಳಿಂದ ದೂರವಾಗಿರಬೇಕೆಂದು ತಾರ್ಕಿಕರು ಹೇಳುವರು. ‘ಬೂದುಬಣ್ಣ, ಕೆಂಪು ಬಾಲ’ ಎಂದರೆ ಅತಿವ್ಯಾಪ್ತಿಯಾಯಿತು. ಆ ಜಾತಿಯ ಸಾವಿರ ಗಿಳಿಗಳೂ ಹಾಗೆಯೇ ಇರುವುವು. ‘ಒಂದು ಗರಿ ಮುರಿದಿದೆ’ ಎಂದರೆ, ಆ ಗರಿಯುದುರಿ ಹೊಸದು ಬರುವವರೆಗೆ ಮಾತ್ರ ಆ ಗುರುತು. ಒಂದೇ ಹಕ್ಕಿಗೆ ಸಲ್ಲುವ, ಜೀವಮಾನವೆಲ್ಲ ನಿಲ್ಲುವ ಗುರುತು ಬೇಕು. ಇದಕ್ಕಾಗಿ ಈಗ ಬಳಕೆಯಲ್ಲಿರುವ ಮುಖ್ಯ ಉಪಾಯಗಳು ಎರಡು: ಕಾಲುಬಳೆ ಮತ್ತು ಮೈಕ್ರೊಚಿಪ್.

ಹಕ್ಕಿಯ ಕಾಲಿಗೆ ಅಂಕಿತವುಳ್ಳ ಬಳೆ ತೊಡಿಸುವ ಕ್ರಮವನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದವರು ಡೆನ್ಮಾರ್ಕಿನ ವಿಬೋರ್ಗ್ ಪಟ್ಟಣದ ಉಪಾಧ್ಯಾಯರಾದ ಮಾರ್ಟೆನ್‌ಸೆನ್ ಎಂಬವರು. ಅವರು ಮೊದಲು ಸತುವಿನ ಬಳೆಗಳನ್ನು ಪ್ರಯೋಗಿಸಿ, ಅವು ಭಾರವೆಂದು ಕಂಡು, 1899ರಲ್ಲಿ ಹಗುರವಾದ ಅಲ್ಯೂಮಿನಿಯಮ್ ಬಳೆಗಳನ್ನು 165 ಸ್ಟಾರ್ಲಿಂಗ್ ಹಕ್ಕಿಗಳಿಗೆ ತೊಡಿಸಿದರು.

ಸಾಕುಗಿಳಿಗಳ ಬಳೆಯಲ್ಲಿ ಎರಡು ವಿಧಗಳುಂಟು. ಸಂದಿಲ್ಲದ ಪೂರ್ಣಬಳೆಯನ್ನು ಮರಿಯು ಗೂಡಿನಲ್ಲಿರುವಾಗ, ಮೊದಲ ಕೆಲವು ವಾರಗಳೊಳಗೆ, ಬೆರಳುಗಳನ್ನು ಕೂಡಿಸಿ ಮೇಲಕ್ಕೆ ಜಾರಿಸುವರು. ಪಾದವು ಬೆಳೆದ ಮೇಲೆ ಅದು ಹೊರಬಾರದು. ಅದರ ಮೇಲೆ ಸಾಕಣೆಗಾರನ ಸಂಕೇತ, ವರ್ಷ, ಸಂಖ್ಯೆಗಳನ್ನು ಕೆತ್ತಿರುವರು. ಸೀಳುಬಳೆಯನ್ನಾದರೋ ಬೆಳೆದ ಹಕ್ಕಿಗೂ ತೊಡಿಸಬಹುದು, ತೊಡಿಸಿದಂತೆಯೇ ತೆಗೆಯಲೂಬಹುದು.

ಬಳೆಯ ದೊಡ್ಡ ಗುಣವೆಂದರೆ ಅದನ್ನು ಯಾವ ಯಂತ್ರವೂ ಇಲ್ಲದೆ ಕಣ್ಣಿನಿಂದಲೇ ಓದಬಹುದು. ದೋಷಗಳೂ ಅಲ್ಪವಲ್ಲ. ಪಂಜರದ ತಂತಿಗೆ ಸಿಕ್ಕಿಕೊಂಡು ಹಕ್ಕಿಯು ಕಾಲು ಮುರಿದುಕೊಳ್ಳಬಹುದು. ಬಳೆಯು ಬಿಗಿಯಾದರೆ, ಅಥವಾ ಒಣಚರ್ಮವು ಅದರೊಳಗೆ ಕಟ್ಟಿಕೊಂಡರೆ, ರಕ್ತಸಂಚಾರವು ತಡೆದು ಪಾದವೇ ಹೋಗುವ ಅಪಾಯವುಂಟು. ಮಕಾವ್‌ನಂತಹ ಬಲವಾದ ಕೊಕ್ಕಿನ ಗಿಳಿಯು ಬಳೆಯನ್ನು ಕಚ್ಚಿ ಜಜ್ಜಿಬಿಡಬಲ್ಲುದು. ಕಳ್ಳನ ಕೈಯಲ್ಲಿ ಕತ್ತರಿಯಿದ್ದರಂತೂ ಗುರುತು ಹೋದಂತೆಯೇ ಸರಿ.

ಮೈಕ್ರೊಚಿಪ್ ಎಂಬುದು ಅಕ್ಕಿಯ ಕಾಳಿನಷ್ಟು ಗಾತ್ರದ ಗಾಜಿನ ಕೋಶ. ಸಾಮಾನ್ಯವಾದುದು ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಇನ್ನೂ ಕಿರಿದಾದವುಗಳೂ ಉಂಟು. ಪಕ್ಷಿವೈದ್ಯರು ಅದನ್ನು ಸೂಜಿಯಿಂದ ಎದೆಯ ಮಾಂಸಖಂಡದೊಳಗೆ ಸೇರಿಸುವರು. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಸಮೀಪಕ್ಕೆ ಹಿಡಿದಾಗ ಅದರ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು, ತನ್ನೊಳಗಿನ 15 ಅಂಕಿಗಳ ಸಂಖ್ಯೆಯನ್ನು ತಿಳಿಸಿ ಮತ್ತೆ ಮೌನವಾಗುವುದು. ಹಾರಿಹೋದ ಗಿಳಿಯು ಯಾವ ಊರಿನಲ್ಲಿದೆಯೆಂದು ಅದು ತೋರಿಸುವುದೆಂಬ ನಂಬಿಕೆ ಕೆಲವರಲ್ಲಿದೆ. ಅದು ಶುದ್ಧ ಭ್ರಮೆ. ಯಜಮಾನನ ಹೆಸರು ವಿಳಾಸಗಳೂ ಅದರಲ್ಲಿರುವುದಿಲ್ಲ. ಅವು ಬೇರೊಂದು ದಾಖಲೆಯಲ್ಲಿ ನಮೂದಾಗಿರಬೇಕು. ನಮೂದಿಸದ ಚಿಪ್ಪು ವಿಳಾಸವಿಲ್ಲದ ಕಾಗದದಂತೆ ನಿಷ್ಫಲ. ಇನ್ನು 30–40 ಗ್ರಾಮ್ ತೂಗುವ ಬಜರಿಗರ್‌ನಂತಹ ಪುಟ್ಟ ಹಕ್ಕಿಗೆ ಅಷ್ಟು ದಪ್ಪನಾದ ಸೂಜಿಯೇ ಗಂಡಾಂತರವಾದೀತು.

ಹಾಗಾದರೆ ಯಾವುದು ಮೇಲು? ಇವೆರಡೂ ಒಂದೇ ಪ್ರಶ್ನೆಗೆ ಉತ್ತರಗಳಲ್ಲವೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ‘ಇದು ಯಾವ ಹಕ್ಕಿ?’ ಎಂಬುದಕ್ಕೆ ಚಿಪ್ಪು ನಿಸ್ಸಂದೇಹವಾಗಿ ಉತ್ತರ ಹೇಳುವುದು. ಏಕೆಂದರೆ ಅದು ಕಳಚಿ ಬೀಳದು. ‘ಇದು ಎಲ್ಲಿ ಹುಟ್ಟಿತು?’ ಎಂಬುದಕ್ಕೆ ಅದು ಉತ್ತರಿಸಲಾರದು. ನಿನ್ನೆ ಕಾಡಿನಲ್ಲಿ ಬಲೆಗೆ ಬಿದ್ದ ಗಿಳಿಗೂ ಇಂದು ಚಿಪ್ಪು ಸೇರಿಸಬಹುದಷ್ಟೆ. ಸರಿಯಾದ ಅಳತೆಯ ಪೂರ್ಣಬಳೆಯಾದರೋ ಎಳೆಮರಿಗಲ್ಲದೆ ತೊಡಿಸಲು ಬಾರದುದರಿಂದ, ಹಕ್ಕಿಯು ಮನುಷ್ಯರ ಕೈಯಲ್ಲಿ ಬೆಳೆದುದೆಂಬುದಕ್ಕೆ ಪ್ರಬಲ ಸಾಕ್ಷ್ಯ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟದ 2006ರ ನಿಯಮವು, ಅತ್ಯಂತ ರಕ್ಷಿತವಾದ ಜಾತಿಗಳಲ್ಲಿ ಸಾಕಣೆಯಲ್ಲಿ ಹುಟ್ಟಿದ ಪಕ್ಷಿಗಳಿಗೆ ಪೂರ್ಣಬಳೆಯನ್ನೇ ವಿಧಿಸಿ, ಅದು ಸಾಧ್ಯವಿಲ್ಲದಾಗ ಮಾತ್ರ ಚಿಪ್ಪಿಗೆ ಅವಕಾಶವಿತ್ತಿರುವುದು. ಇದು ಬರಿಯ ಕಾಗದದ ಮಾತಲ್ಲ. ಬೂದುಗಿಳಿಗಳನ್ನು ಆಫ್ರಿಕದ ಕಾಡುಗಳಿಂದ ಹಿಡಿದು ಮಾರುವುದು ಮಿತಿಮೀರಿದ್ದರಿಂದ, 2016ರಲ್ಲಿ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಅವನ್ನು ಮೊದಲನೆಯ ಅನುಬಂಧಕ್ಕೆ ಸೇರಿಸಿ, ಕಾಡಿನ ಹಕ್ಕಿಗಳ ವಾಣಿಜ್ಯವನ್ನು ನಿಷೇಧಿಸಬೇಕಾಯಿತು.

ನಮ್ಮ ದೇಶದ ಕಾಯಿದೆಯನ್ನೂ ಗೃಹಸ್ಥರು ಅರಿತಿರಬೇಕು. ಇಲ್ಲಿನ ಕಾಡುಮೇಡುಗಳ ಹಸಿರು ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಳೆಯಾಗಲಿ ಚಿಪ್ಪಾಗಲಿ ಆ ಅಪರಾಧವನ್ನು ತೊಳೆಯಲಾರದು. ಬೂದುಗಿಳಿಯೇ ಮೊದಲಾದ, ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿರುವ ವಿದೇಶೀ ಪಕ್ಷಿಗಳನ್ನು ಸಾಕುವವರು 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳಂತೆ ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದು.

ನಮ್ಮ ಅಭಿಪ್ರಾಯವು ಇಷ್ಟೆ. ಬೂದುಗಿಳಿ, ಮಕಾವ್, ಕಾಕಟೂಗಳಂತಹ ದೊಡ್ಡ ಹಕ್ಕಿಗಳಿಗೆ ಹುಟ್ಟಿನ ಪೂರ್ಣಬಳೆಯೊಡನೆ ಚಿಪ್ಪೂ ಇರಲಿ. ಚಿಕ್ಕವಕ್ಕೆ ಅಳತೆಗೆ ಸರಿಯಾದ ಬಳೆಯೊಂದೇ ಸಾಕು. ವಾರಕ್ಕೊಮ್ಮೆ ಕಾಲನ್ನು ನೋಡಿರಿ; ಬಳೆಯು ಸಡಿಲವಾಗಿ ಮೇಲೆ ಕೆಳಗೆ ಜಾರುತ್ತಿರಬೇಕು. ಊತ, ಕುಂಟು, ಬಳೆಯನ್ನು ಎಡೆಬಿಡದೆ ಕಚ್ಚುವುದು ಇವು ಕಂಡರೆ ವೈದ್ಯರಲ್ಲಿಗೆ ಒಯ್ಯಿರಿ. ಮನೆಯ ಇಕ್ಕಳದಿಂದ ಕತ್ತರಿಸಹೋದರೆ ಬಳೆಗಿಂತ ಮೊದಲು ಎಲುಬೇ ಮುರಿದೀತು. ತೆಗೆದ ಬಳೆಯ ಚೂರುಗಳನ್ನೂ ವೈದ್ಯರ ಪತ್ರವನ್ನೂ ಜೋಪಾನವಾಗಿಡಿರಿ. ಕೊನೆಯದಾಗಿ, ಬಳೆಯ ಮತ್ತು ಚಿಪ್ಪಿನ ಸಂಖ್ಯೆಗಳನ್ನು ಕೊಂಡ ರಶೀದಿಯೊಡನೆ ಮನೆಯ ಲೆಕ್ಕದ ಪುಸ್ತಕದಲ್ಲಿ ಇಂದೇ ಬರೆದಿಡಿರಿ. ಹಕ್ಕಿ ಹಾರಿಹೋದ ಮೇಲೆ ಸಂಖ್ಯೆಯನ್ನು ಹುಡುಕಿ ಫಲವಿಲ್ಲ.