ರೈಲು ಬಂದರೆ ಸಾಲದು, ಕಾಲೇಜಿನ ಹೊತ್ತಿಗೆ ಬರಬೇಕು

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರಿಗೆ ಹೋಗುವ ರೈಲುಮಾರ್ಗ ನಮ್ಮ ಕೊಪ್ಪಳ ಜಿಲ್ಲೆಗೆ ತೀರ ಹತ್ತಿರದ್ದು. 1990ರ ದಶಕದ ನಡುವೆ ಅಲ್ಲಿ ಪ್ರಯಾಣಿಕರ ಗಾಡಿ ನಿಂತುಹೋಯಿತು. ಕಾರಣ ಹಳಿಗಳ ನಡುವಿನ ಅಂತರ. ಮೀಟರ್ ಗೇಜ್‌ನಲ್ಲಿ ಅದು 1,000 ಮಿಲಿಮೀಟರ್, ಬ್ರಾಡ್ ಗೇಜ್‌ನಲ್ಲಿ 1,676. ಹುಬ್ಬಳ್ಳಿ–ಹೊಸಪೇಟೆ ಮುಖ್ಯಮಾರ್ಗ ಬ್ರಾಡ್ ಗೇಜ್ ಆದಾಗ ಕೊಟ್ಟೂರಿನ ಕವಲು ಮಾರ್ಗ ಮೊದಲಿನಂತೆಯೇ ಉಳಿಯಿತು. ಒಂದರ ಬೋಗಿ ಇನ್ನೊಂದರ ಹಳಿಯ ಮೇಲೆ ಓಡಲಾರದು.

ಮುಂದೆ ಕವಲು ಮಾರ್ಗವೂ ಬ್ರಾಡ್ ಗೇಜ್ ಆಯಿತು. ಕೊಟ್ಟೂರಿನಿಂದ ಹರಿಹರದವರೆಗೆ ಹೊಸ ಹಳಿಯೂ ಬಿತ್ತು. ಆದರೂ ಜನ ಹತ್ತುವ ರೈಲು ಮತ್ತೆ ಬಂದದ್ದು 2019ರ ಅಕ್ಟೋಬರಿನಲ್ಲಿ. ಗಾಡಿ ನಿಂತ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಪದವಿಯನ್ನೇ ಮುಗಿಸಿರಬಹುದು! ಐದು ತಿಂಗಳಲ್ಲೇ ಕೊರೊನಾ ಬಂತು. 2020ರ ಮಾರ್ಚಿನಲ್ಲಿ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಹಳಿ ಇರುವುದು ಬೇರೆ, ಜನರಿಗೆ ರೈಲು ಸಿಗುವುದು ಬೇರೆ ಎಂಬುದಕ್ಕೆ ಇದು ನಿದರ್ಶನ.

ಈಗ ನಮ್ಮ ಜಿಲ್ಲೆಗೆ ಬರೋಣ. ಗಿಣಿಗೇರಿಯಿಂದ ಗಂಗಾವತಿಗೆ 2019ರಲ್ಲಿ ರೈಲು ಬಂತು. ತಳಕಲ್‌ನಿಂದ ಕುಕನೂರು, ಯಲಬುರ್ಗಾ ಹಾದು ಕುಷ್ಟಗಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಮೊದಲ ದಿನದ ತೋರಣ, ಹಾರ ಒಣಗಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಈ ರೈಲು ಯಾರ ಹೊತ್ತಿಗೆ ಬರುತ್ತದೆ?

ಮಗಳನ್ನು ಪರಊರಿನ ಕಾಲೇಜಿಗೆ ಸೇರಿಸುವ ಮುನ್ನ ಹಳ್ಳಿಯ ತಂದೆತಾಯಿ ಮೊದಲು ಕೇಳುವುದು ಫೀಸನ್ನಲ್ಲ, ‘ಕತ್ತಲಾಗುವ ಮುಂಚೆ ಮನೆಗೆ ಬರ್ತಾಳಾ?’ ಎಂಬುದನ್ನು. ಮನೆಯಿಂದ ಕಾಲೇಜಿಗೆ ಓಡಾಡಲು ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ರೈಲ್ವೆಯ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ. ಆದರೆ ಗಂಟೆ ಬಾರಿಸಿದ ಮೇಲೆ ಬರುವ ಗಾಡಿಗೆ ಪಾಸಿದ್ದೇನು ಫಲ?

ಇದರಲ್ಲಿ ವಿಜ್ಞಾನವೂ ಇದೆ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ತಡೆ ಬಹಳ ಕಡಿಮೆ. ಡಾಂಬರು ರಸ್ತೆಯ ಮೇಲಿನ ರಬ್ಬರ್ ಗಾಲಿಗೆ ಅದರ ಹಲವು ಪಟ್ಟು. ಅಷ್ಟೇ ಭಾರವನ್ನು ರೈಲು ಕಡಿಮೆ ಇಂಧನದಲ್ಲಿ ಎಳೆಯುವುದು ಅದಕ್ಕೇ. ಆದರೆ ಬೋಗಿ ಖಾಲಿಯಿದ್ದರೆ ಎಳೆದದ್ದು ಬರೀ ಕಬ್ಬಿಣ. ಉಳಿತಾಯದ ಮಾತೆಲ್ಲ ಸುಳ್ಳಾಗುತ್ತದೆ. ಹೊತ್ತು ತಪ್ಪಿದರೆ ಜನ ಹತ್ತುವುದಿಲ್ಲ. ಜನ ಹತ್ತದಿದ್ದರೆ ‘ಬೇಡಿಕೆಯಿಲ್ಲ’ ಎಂಬ ಷರಾ ಬೀಳುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಿಂದ ಎಷ್ಟು ಮಂದಿ ಯಾವ ಕಾಲೇಜಿಗೆ, ಎಷ್ಟು ಗಂಟೆಗೆ ಹೋಗುತ್ತಾರೆ, ಯಾವಾಗ ಮರಳುತ್ತಾರೆ ಎಂದು ಒಂದು ತಿಂಗಳು ಬರೆದಿಡಿ. ಕೋಷ್ಟಕ ಮಾಡಿ, ಪಕ್ಕದಲ್ಲಿ ರೈಲಿನ ವೇಳೆಯನ್ನೂ ನಮೂದಿಸಿ. ಮುಖ್ಯೋಪಾಧ್ಯಾಯರ, ಪ್ರಾಂಶುಪಾಲರ ಸಹಿಯೊಡನೆ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಕಳಿಸಿ. ರೈಲ್ವೆ ಬಳಕೆದಾರರ ಸಲಹಾ ಸಮಿತಿಗೂ ಒಂದು ಪ್ರತಿ ಇರಲಿ. ‘ರೈಲು ಬೇಕು’ ಎಂಬ ಘೋಷಣೆಗಿಂತ ‘ನಮ್ಮ ನಿಲ್ದಾಣದಿಂದ ಎಂಟೂವರೆಗೆ ಇಷ್ಟು ಮಂದಿ ಹೊರಡುತ್ತೇವೆ’ ಎಂಬ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ. ಜೂನ್‌ನಲ್ಲಿ ತರಗತಿ ಆರಂಭವಾದ ವಾರದಿಂದಲೇ ಎಣಿಸಲು ಕೂತರೆ ದಸರಾ ರಜೆಗೆ ಮುಂಚೆ ಅರ್ಜಿ ಹುಬ್ಬಳ್ಳಿಯಲ್ಲಿರುತ್ತದೆ.