ಚಳಿಯೇ ಆಧಾರವಾದ ಅಡಿಪಾಯ

ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ ನೀರಿಲ್ಲದ ಬಾವಿಯೊಂದು ಬಹಳ ಪ್ರಸಿದ್ಧ. ಫ್ಯೋದರ್ ಶೆರ್ಗಿನ್ ಎಂಬಾತ 1828ರಲ್ಲಿ ಅದನ್ನು ತೋಡಿಸಲು ಆರಂಭಿಸಿದ. ಅಗೆದಷ್ಟೂ ಸಿಕ್ಕಿದ್ದು ಕಲ್ಲಿನಂತೆ ಹೆಪ್ಪುಗಟ್ಟಿದ ನೆಲವೇ. 1837ರಲ್ಲಿ ಕೆಲಸ ನಿಂತಾಗ ಬಾವಿಯ ಆಳ 116 ಮೀಟರ್. ನೀರು ಮಾತ್ರ ಬಂದಿರಲಿಲ್ಲ. ಆದರೂ ಆ ಶ್ರಮ ವ್ಯರ್ಥವಾಗಲಿಲ್ಲ. 1840ರ ದಶಕದಲ್ಲಿ ಅಲೆಕ್ಸಾಂದರ್ ಮಿಡೆನ್‌ಡಾರ್ಫ್ ಎಂಬ ವಿಜ್ಞಾನಿ ಬಾವಿಯೊಳಗೆ ಉಷ್ಣತೆಯನ್ನು ಅಳೆದು, ಅಷ್ಟು ಆಳದಲ್ಲೂ ನೆಲ ಸೊನ್ನೆ ಡಿಗ್ರಿಗಿಂತ ತಣ್ಣಗಿದೆಯೆಂದು ತೋರಿಸಿದರು.

ಇಂಥ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಸತತವಾಗಿ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ಸೆಲ್ಸಿಯಸ್ ಮೀರದ ನೆಲ ಎಂಬುದು ಅದರ ವ್ಯಾಖ್ಯೆ. ರಷ್ಯಾದ ಅರ್ಧಕ್ಕಿಂತ ಹೆಚ್ಚು ಭಾಗ, ಅಲಾಸ್ಕ ಮತ್ತು ಕೆನಡಾದ ವಿಶಾಲ ಪ್ರದೇಶಗಳು ಇಂಥವು. ಬೇಸಿಗೆಯಲ್ಲಿ ಇದರ ಮೇಲ್ಪದರ ಮಾತ್ರ ಕರಗಿ ಕೆಸರಾಗುತ್ತದೆ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ.

ಕಲ್ಲಿನಷ್ಟು ಗಟ್ಟಿಯಾದ ನೆಲದ ಮೇಲೆ ಮನೆ ಕಟ್ಟಲು ಏನು ತೊಂದರೆ ಎಂದು ಕೇಳಬಹುದು. ತೊಂದರೆ ಇರುವುದು ಮನೆಯಲ್ಲೇ. ಒಳಗೆ ಜನ ವಾಸಿಸಬೇಕಾದರೆ ಬೆಚ್ಚಗಿರಬೇಕು. ಆ ಶಾಖ ನಿಧಾನವಾಗಿ ನೆಲಕ್ಕಿಳಿದು, ಮಣ್ಣಿನ ಕಣಗಳನ್ನು ಬೆಸೆದಿದ್ದ ಮಂಜುಗಡ್ಡೆಯನ್ನು ಕರಗಿಸುತ್ತದೆ. ಮಣ್ಣು ಅಂಬಲಿಯಂತಾಗಿ ಒಂದು ಮೂಲೆ ಹೆಚ್ಚು, ಇನ್ನೊಂದು ಮೂಲೆ ಕಡಿಮೆ ಕುಸಿಯುತ್ತದೆ. ಗೋಡೆ ಬಿರಿಯುತ್ತದೆ. ಹಳೆಯ ಯಾಕುತ್ಸ್ಕ್‌ನ ಮರದ ಮನೆಗಳು ಕಿಟಕಿಯ ಮಟ್ಟಕ್ಕೆ ಹೂತು ವಾಲಿದ್ದು ಹೀಗೆಯೇ.

ಇದಕ್ಕೆ ಪರಿಹಾರವಾಗಿ ಬಂದದ್ದು ಕಂಬದ ಅಡಿಪಾಯ. ಮೊದಲು ಮೇಲ್ಪದರವನ್ನು ದಾಟಿ, ಎಂದೂ ಕರಗದ ನೆಲದೊಳಕ್ಕೆ ಹಲವು ಮೀಟರ್ ಆಳದ ರಂಧ್ರ ಕೊರೆಯುತ್ತಾರೆ. ಕಂಬಕ್ಕಿಂತ ರಂಧ್ರ ತುಸು ಅಗಲವಿರುತ್ತದೆ. ಕಂಬವನ್ನು ಇಳಿಸಿ, ಸುತ್ತಲಿನ ಸಂದಿಗೆ ಮರಳು ಮತ್ತು ನೀರು ಕಲಸಿದ ರಾಡಿಯನ್ನು ತುಂಬುತ್ತಾರೆ. ಮುಂದಿನ ಕೆಲಸ ಚಳಿಯದು. ಕೆಲವು ದಿನ, ಕೆಲವೊಮ್ಮೆ ಕೆಲವು ವಾರಗಳಲ್ಲಿ ರಾಡಿ ಹೆಪ್ಪುಗಟ್ಟಿ ಕಂಬವನ್ನು ಬಿಗಿಯಾಗಿ ಹಿಡಿಯುತ್ತದೆ. ಮನೆಯ ಭಾರ ಕಂಬದ ತುದಿಗಿಂತಲೂ ಹೆಚ್ಚಾಗಿ ಈ ಹಿಡಿತದ ಮೇಲೆಯೇ ನಿಂತಿರುತ್ತದೆ.

ಇಲ್ಲಿ ಇನ್ನೊಂದು ಶಕ್ತಿಯೊಡನೆ ಸೆಣಸಬೇಕು. ನೀರು ಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆಂದು ಪಠ್ಯಪುಸ್ತಕ ಹೇಳುತ್ತದೆ. ಸಾಮಾನ್ಯವಾಗಿ ಪಾಠವೂ ಅಲ್ಲಿಗೇ ನಿಲ್ಲುತ್ತದೆ. ನೆಲದಲ್ಲಿ ನಡೆಯುವುದು ಇದಕ್ಕಿಂತ ದೊಡ್ಡ ಸಂಗತಿ. ಹೆಪ್ಪುಗಟ್ಟುತ್ತಿರುವ ಮಣ್ಣು ಕೆಳಗಿನ ತೇವವನ್ನು, ಬತ್ತಿ ಎಣ್ಣೆಯನ್ನು ಹೀರುವಂತೆ, ತನ್ನತ್ತ ಸೆಳೆದುಕೊಳ್ಳುತ್ತದೆ. ಹೀಗೆ ಪದರ ಪದರವಾಗಿ ಬೆಳೆಯುವ ಮಂಜುಗಡ್ಡೆ ನೆಲವನ್ನೇ ಮೇಲಕ್ಕೆತ್ತುತ್ತದೆ. ಅದರೊಡನೆ ಕಂಬವೂ ವರ್ಷವರ್ಷ ಸ್ವಲ್ಪಸ್ವಲ್ಪ ಕಿತ್ತು ಬರಬಹುದು. ಆದ್ದರಿಂದ ಆಳದ ಹಿಡಿತ ಮೇಲ್ಪದರದ ಎಳೆತಕ್ಕಿಂತ ಬಲವಾಗಿರಲೇಬೇಕು.

ಮನೆಯನ್ನು ನೆಲದಿಂದ ಒಂದೆರಡು ಮೀಟರ್ ಮೇಲಕ್ಕೆ ಎತ್ತಿ ಕಟ್ಟುವುದು ಈ ವಿಧಾನದ ಮುಖ್ಯ ಭಾಗ. ಯಾಕುತ್ಸ್ಕ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಮೈನಸ್ 40 ಡಿಗ್ರಿಯ ಆಸುಪಾಸು. ಅಂಥ ಕಡೆ ಮನೆಯಡಿಯನ್ನು ಮುಚ್ಚಿ ಬೆಚ್ಚಗಿಡಬೇಕೆಂದು ಯಾರಿಗಾದರೂ ತೋರೀತು. ಮಾಡಬೇಕಾದ್ದು ಅದಕ್ಕೆ ತದ್ವಿರುದ್ಧ. ಕೊರೆಯುವ ಗಾಳಿ ಮನೆಯಡಿಯಲ್ಲಿ ಓಡಾಡಿ, ಮೇಲಿನಿಂದ ಇಳಿಯುವ ಶಾಖವನ್ನು ಒಯ್ದು, ನೆಲವನ್ನು ಮುಂದಿನ ಬೇಸಿಗೆಗಾಗಿ ಇನ್ನಷ್ಟು ತಣ್ಣಗಾಗಿಸಬೇಕು.

ಉತ್ತರಕ್ಕೆ ಇನ್ನೂ ದೂರದಲ್ಲಿರುವ ನೊರಿಲ್ಸ್ಕ್ ನಗರವನ್ನು ಕಟ್ಟಿದ್ದು ಸ್ಟಾಲಿನ್ ಕಾಲದ ಕೈದಿಗಳು. ಅಲ್ಲಿ ಮೊದಲು ಬಂಡೆ ಸಿಗುವವರೆಗೂ ಅಗೆದು ಅಡಿಪಾಯ ಹಾಕುತ್ತಿದ್ದರು. ಕೈದಿಯಾಗಿಯೇ ಅಲ್ಲಿಗೆ ಬಂದ, ಕೊರಿಯನ್ ಮೂಲದ ಎಂಜಿನಿಯರ್ ಮಿಖಾಯಿಲ್ ಕಿಮ್ ಕಂಬಗಳ ವಿಧಾನವನ್ನು ಬಳಕೆಗೆ ತಂದರು. ಇದೇ ಕೆಲಸಕ್ಕೆ 1960ರ ದಶಕದಲ್ಲಿ ಅವರಿಗೆ ಲೆನಿನ್ ಪ್ರಶಸ್ತಿ ಬಂತು.

ಅಲಾಸ್ಕದಲ್ಲಿ ಸಮಸ್ಯೆ ಇನ್ನೂ ಜಟಿಲವಾಗಿತ್ತು. 1975ರಿಂದ 1977ರವರೆಗೆ ನಿರ್ಮಿಸಿದ ಸುಮಾರು 1,287 ಕಿಲೋಮೀಟರ್ ಉದ್ದದ ತೈಲ ಕೊಳವೆಯಲ್ಲಿ ಹರಿಯುವುದು ಭೂಗರ್ಭದಿಂದ ಬಿಸಿಯಾಗಿಯೇ ಬರುವ ಎಣ್ಣೆ. ಅರ್ಧಕ್ಕಿಂತ ಹೆಚ್ಚು ದೂರ ಕೊಳವೆಯನ್ನು ಸುಮಾರು 78 ಸಾವಿರ ಉಕ್ಕಿನ ಕಂಬಗಳ ಮೇಲೆ ಎತ್ತಿ ಒಯ್ದರು. ಸೂಕ್ಷ್ಮ ನೆಲದ ಕಂಬಗಳೊಳಗೆ ಅಮೋನಿಯ ತುಂಬಿ ಮುಚ್ಚಿದ ಸಣ್ಣ ನಳಿಗೆಗಳನ್ನು ಇರಿಸಿದರು. ಇವುಗಳ ಒಟ್ಟು ಸಂಖ್ಯೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಚಳಿಗಾಲದಲ್ಲಿ ಮೇಲಿನ ಗಾಳಿಗಿಂತ ನೆಲದಾಳವೇ ಬೆಚ್ಚಗಿರುತ್ತದೆ. ಆ ಶಾಖವನ್ನು ಹೀರಿ ತಳದ ಅಮೋನಿಯ ಆವಿಯಾಗಿ ಮೇಲೇರುತ್ತದೆ. ತುದಿಯಲ್ಲಿರುವ ಅಲ್ಯುಮಿನಿಯಂ ರೆಕ್ಕೆಗಳ ಬಳಿ ಶಾಖವನ್ನು ಗಾಳಿಗೆ ಬಿಟ್ಟು, ದ್ರವವಾಗಿ ಮತ್ತೆ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮೇಲ್ತುದಿ ಬೆಚ್ಚಗಾದೊಡನೆ ಆವಿ ಅಲ್ಲಿ ದ್ರವವಾಗದು, ಕೆಲಸ ತಾನಾಗಿಯೇ ನಿಲ್ಲುತ್ತದೆ. ಪಂಪು, ವಿದ್ಯುತ್ತು, ಗುಂಡಿ ಒತ್ತುವ ಆಳು ಯಾವುದೂ ಬೇಡ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೂ ಅರ್ಥವಾಗುವ ಭೌತವಿಜ್ಞಾನ ಇಷ್ಟು ಅಚ್ಚುಕಟ್ಟಾಗಿ ದುಡಿಯುವ ಉದಾಹರಣೆಗಳು ವಿರಳ.

ಬರಿಯ ಮಂಜುಗಡ್ಡೆಯ ಮೇಲೆ ಕಟ್ಟುವುದು ಬೇರೆಯೇ ಕಥೆ. ಸದಾ ಭಾರ ಹೊತ್ತ ಮಂಜುಗಡ್ಡೆ ಮೇಣದಂತೆ ಬಹು ನಿಧಾನವಾಗಿ ಜಾರುತ್ತದೆ. ಸಾಲದ್ದಕ್ಕೆ ಮೇಲಿನಿಂದ ಹಿಮ ಬಿದ್ದು ಶೇಖರವಾಗುತ್ತದೆ. ಭಾರತವು ಅಂಟಾರ್ಕ್ಟಿಕದ ತೇಲುವ ಹಿಮಹಾಸಿನ ಮೇಲೆ 1983-84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ನೆಲೆ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಯಿತು. 1989ರ ಮೈತ್ರಿ ನೆಲೆಗೆ ಬಂಡೆನೆಲವನ್ನು ಆರಿಸಿ, ಅದನ್ನು ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಲಾಯಿತು.

ಹೆಪ್ಪುಗಟ್ಟಿದ ನೆಲದ ಹಿಡಿತಕ್ಕೆ ಒಂದು ದೌರ್ಬಲ್ಯವಿದೆ. ಅದು ಕಳಚಲು ನೆಲ ಪೂರ್ತಿ ಕರಗಬೇಕಾಗಿಲ್ಲ. ಸೊನ್ನೆಯ ಸಮೀಪಕ್ಕೆ ಬಂದಂತೆ ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದ ನೀರಿನ ತೆಳುಪದರ ದಪ್ಪವಾಗುತ್ತದೆ. ಹಾಗಾಗಿ ಮೈನಸ್ 5 ಡಿಗ್ರಿಯ ನೆಲಕ್ಕೂ ಮೈನಸ್ 1 ಡಿಗ್ರಿಯ ನೆಲಕ್ಕೂ ಬಲದಲ್ಲಿ ಬಹಳ ಅಂತರ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ, ದಶಕಗಳ ಹಿಂದಿನ ಚಳಿಯನ್ನು ನಂಬಿ ಲೆಕ್ಕ ಹಾಕಿದ ಕಂಬಗಳು ಅಪಾಯಕ್ಕೆ ಸಿಲುಕಿವೆ. 2020ರ ಮೇ 29ರಂದು ನೊರಿಲ್ಸ್ಕ್ ಬಳಿಯ ವಿದ್ಯುತ್ ಸ್ಥಾವರದಲ್ಲಿ ಕಂಬಗಳು ಕುಸಿದು ತೈಲದ ತೊಟ್ಟಿ ಒಡೆಯಿತು. ಸುಮಾರು 20 ಸಾವಿರ ಟನ್ ಡೀಸೆಲ್ ನದಿಗೂ ನೆಲಕ್ಕೂ ಸೇರಿತು. ನೆಲ ಕರಗಿದ್ದೇ ಕಾರಣವೆಂಬ ಮಾತು ಮೊದಲು ಕೇಳಿಬಂತು. ತನಿಖೆ ಅಡಿಪಾಯದ ವಿನ್ಯಾಸ ಮತ್ತು ನಿರ್ಮಾಣದ ದೋಷಗಳತ್ತಲೂ ಬೆರಳು ತೋರಿಸಿತು.

ಈ ನಗರಗಳಲ್ಲಿ ಸೋರುವ ಬಿಸಿನೀರಿನ ಕೊಳಾಯಿ ಒಂದೇ ಸಾಕು, ಪಕ್ಕದ ಕಂಬವನ್ನು ಸಡಿಲಗೊಳಿಸಲು. ಹಿಮವೂ ಕಂಬಳಿಯಂತೆ ನೆಲದ ಶಾಖವನ್ನು ಹಿಡಿದಿಡುತ್ತದೆ. ಆದ್ದರಿಂದ ಕೊರೆದ ರಂಧ್ರಗಳಲ್ಲಿ ಉಷ್ಣಮಾಪಕ ಇಳಿಸಿ ನೆಲದ ಉಷ್ಣತೆಯನ್ನು ಗುರುತು ಹಾಕಿಕೊಳ್ಳುವುದು, ಮನೆಯಡಿಯ ಸಂದಿಯಲ್ಲಿ ಹಿಮ ತುಂಬದಂತೆ ನೋಡಿಕೊಳ್ಳುವುದು ಅಲ್ಲಿನ ಕಟ್ಟಡಗಳ ಸಾಮಾನ್ಯ ಆರೈಕೆಗೇ ಸೇರಿದ ಕೆಲಸಗಳು.